ಎರಡು ಜಳಜಳ

ನನ್ನ ಕಾಯಿಲೆಯ ಮುಖ್ಯ ಸಂಗತಿಗಳೆಲ್ಲ ನಡೆದದ್ದು ನಾನು ಸಂಡಾಸಿನಲ್ಲಿ ಕೂತಿದ್ದಾಗ. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ನಾನು ಕಂಡದ್ದಲ್ಲ, ಬಾಗಿಲ ಆಚೆ ಇದ್ದವರು ಆಮೇಲೆ ಹೇಳಿದ್ದು. ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. ನಮ್ಮ ಅವ್ವನದಂತೂ ಪ್ರತಿ ಸಲ ಬೇರೆ ಥರ. ಬೇರೆಯವರ ಕಾಯಿಲೆಗಳು ಒಂದು ದಿನ ಶುರುವಾಗಿ, ಒಂದು ದಿನ ಗೊತ್ತಾಗಿ, ಒಂದು ದಿನ ವಾಸಿಯಾಗುತ್ತವಂತೆ. ನನ್ನದು ಹಾಗೆ ಸಾಲಿನಲ್ಲಿ ಬರಲಿಲ್ಲ. ಹಬ್ಬದ ದಿನ ಬಸ್‌ಸ್ಟ್ಯಾಂಡಿಗೆ ಗಾಡಿ ಬಂದಾಗ ಜನ ಹತ್ತುವ ಹಾಗೆ ಬಂತು, ಕಿಟಕಿಯಿಂದ ಮೊದಲು ಟವೆಲ್ ಎಸೆದು.

ಬಸ್ಸಿನ ಮಾತು ಬಂದದ್ದು ಸುಮ್ಮನೆ ಅಲ್ಲ. ನಾನು ಸರಕಾರಿ ಬಸ್ಸಿನ ಕಂಡಕ್ಟರ್. ಆಳಂದದಿಂದ ಹೊರಟು ಖಜೂರಿ ದಾಟಿ ಸೊಲ್ಲಾಪುರಕ್ಕೆ ಹೋಗಿ ಬರುವ ಗಾಡಿ ನನ್ನದು. ಹೊಟ್ಟೆ ಕೈಕೊಟ್ಟವರು ಯಾವ ಕೆಲಸವನ್ನಾದರೂ ಮಾಡಬಹುದು, ಇದೊಂದನ್ನು ಬಿಟ್ಟು.

"ಯಾವಾಗಿಂದ ಅದ?" ಎಂದು ಎಲ್ಲ ಡಾಕ್ಟರೂ ಮೊದಲು ಕೇಳುತ್ತಾರೆ. ನಾನು ಈವರೆಗೆ ಮೂರು ಉತ್ತರ ಕೊಟ್ಟಿದ್ದೇನೆ. ಡಿಪೋದಲ್ಲಿ ಯಾರದೋ ಮಗಳ ಮದುವೆಗೆ ಹೋಗಿ ಪುಂಡಿಪಲ್ಯ ತಿಂದ ಮರುದಿನದಿಂದ. ಖಜೂರಿಯ ಆಚೆ ಕಬ್ಬಿನ ಲಾರಿಗಳ ಹಿಂದೆ ಗಾಡಿ ಸಿಕ್ಕಿಬಿದ್ದಾಗ, ಟಿಕೆಟ್ ಮಷಿನ್ನು ಡ್ರೈವರನ ಕೈಗೆ ಕೊಟ್ಟು ಜೋಳದ ಹೊಲಕ್ಕೆ ಓಡಿದ ದಿನದಿಂದ. ಮೂರನೆಯದು ಅವ್ವನ ಉತ್ತರ: "ಆಕಿ ಹೊಟ್ಟಿ ಸಣ್ಣಾಕಿ ಇದ್ದಾಗಿಂದನ ಹಂಗ ಅದ್ರಿ." ಹೇಳುವ ಹೊತ್ತಿಗೆ ಮೂರೂ ಖರೆ ಅನ್ನಿಸಿವೆ. ಈಗ ಒಂದರ ಮೇಲೂ ನಂಬಿಕೆ ಇಲ್ಲ. ಪುಂಡಿಪಲ್ಯವನ್ನು ಸುಮ್ಮನೆ ದೂರಿದೆ ಅನ್ನುವುದೊಂದೇ ಖಾತ್ರಿ.

ನಮ್ಮ ಕಡೆ ಗಂಟಲಿನಿಂದ ಕೆಳಗೆ ಏನೇ ಆದರೂ ಅದು ಅಸಿಡಿಟಿ. ಎದೆ ಹಿಡಿದರೂ ಅಸಿಡಿಟಿ, ಊಟ ಸೇರದಿದ್ದರೂ ಅಸಿಡಿಟಿ, ಸೊಸೆ ಮುಖ ಸಣ್ಣಗೆ ಮಾಡಿಕೊಂಡು ಕೂತರೂ ಅಸಿಡಿಟಿ. ಈ ಮಾತಿಗೆ ಸೆರಗಿನ ಗುಣ ಇದೆ. ಅದರ ಕೆಳಗೆ ಏನನ್ನಾದರೂ ಮುಚ್ಚಬಹುದು. ನನಗೆ ದಿನಕ್ಕೆ ಎಷ್ಟೋ ಸಲ ಹೊಟ್ಟೆ ಹಿಂಡಿ ಬರುತ್ತಿತ್ತು. ಲೋಳೆ ಹೋಗುತ್ತಿತ್ತು. ಆಮೇಲೆ ರಕ್ತ ಹೋಗತೊಡಗಿತು. "ರಗತ ಹೋಗ್ತದ" ಎಂದು ತುಂಬಿದ ಗಾಡಿಯಲ್ಲಿ ಹೇಳುವುದು ಹೇಗೆ? ಅಸಿಡಿಟಿ ಅನ್ನುತ್ತಿದ್ದೆ. ಅಂದ ಕೂಡಲೇ ಇಡೀ ಗಾಡಿ ಡಾಕ್ಟರಾಗುತ್ತಿತ್ತು.

"ಕಂಡಕ್ಟರ್ ಬಾಯಿ, ಮುಂಜಾನೆದ್ದು ಜೀರಗಿ ನೀರು ಕುಡೀರಿ."

"ಜೀರಗಿಯಿಂದ ಏನಾಗ್ತದ್ರಿ? ತಣ್ಣನ ಹಾಲು ಕುಡೀಬೇಕು."

"ಹಾಲಾ? ಹಾಲು ಕುಡದೇ ನಮ್ಮಣ್ಣ ಹೋಗ್ಯಾನ."

"ಅಂವ ಹಾಲು ಕುಡದು ಹೋಗ್ಯಾನೋ ಬ್ಯಾರೆ ಏನು ಕುಡದು ಹೋಗ್ಯಾನೋ, ಊರಿಗೆಲ್ಲ ಗೊತ್ತದ ಸುಮ್ನಿರಪಾ."

ನನ್ನ ಹೊಟ್ಟೆ ಅಲ್ಲಿಗೆ ಎಲ್ಲರ ಹೊಟ್ಟೆಯಾಗುತ್ತಿತ್ತು. ಉಪಕಾರ ಮಾಡಿದವನು ಡ್ರೈವರ್ ಶರಣಪ್ಪಣ್ಣ ಒಬ್ಬನೇ. ಅವನು ಏನನ್ನೂ ಕೇಳಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. ನಾನು ಕಂಬಿ ಹಿಡಿದು ಹಲ್ಲು ಕಚ್ಚಿ ನಿಂತದ್ದು ಕಂಡರೆ ಪೆಟ್ರೋಲ್ ಬಂಕಿನ ಹತ್ತಿರ ಗಾಡಿ ಎಡಕ್ಕೆ ಎಳೆದು, "ಇಂಜಿನ್ ಬಿಸಿ ಆಗ್ಯಾದ್ರಿ, ಜರಾ ಆರ್ಲಿ" ಎಂದು ಇಳಿದು ಬಾನೆಟ್ ಎತ್ತಿ ನಿಲ್ಲುತ್ತಿದ್ದ. ಬಂಕಿನ ಹಿಂದೆ ಸಂಡಾಸ್ ಇತ್ತು. ಒಂದು ದಿನ ನಾನು ಅದರೊಳಗೆ ಇದ್ದಾಗ ಪ್ಯಾಸೆಂಜರ್ ಒಬ್ಬ, "ದಿನಾ ಇಲ್ಲೇ ಬಿಸಿ ಆಗ್ತದಲ್ಲೋ ಮಾರಾಯ, ನಿನ್ನ ಗಾಡಿಗೂ ಅಸಿಡಿಟಿ ಏನು?" ಎಂದನಂತೆ. ಶರಣಪ್ಪಣ್ಣ ನಗಲಿಲ್ಲವಂತೆ. ಇದೂ ಕೇಳಿದ ಮಾತು.

ನನ್ನ ಗಂಡನಿಗೆ ಆಳಂದದಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇದೆ. ಸುಟ್ಟ ಮೋಟಾರನ್ನು ಮೂಸಿಯೇ ಎಲ್ಲಿ ಸುಟ್ಟಿದೆ ಎಂದು ಹೇಳುತ್ತಾನೆ. ನನ್ನ ವಿಷಯಕ್ಕೆ ಅವನಲ್ಲಿ ಇದ್ದದ್ದು ಒಂದೇ ಮಾತು: "ಟೆನ್ಶನ್ ತಗೋಬ್ಯಾಡ." ಟೆನ್ಶನ್ ನಾನೇನು ಅಂಗಡಿಗೆ ಹೋಗಿ ತಗೊಂಡು ಬರುತ್ತಿದ್ದೆನೆ? ಮೈಯಲ್ಲಿ ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಡತೊಡಗಿದ ಮೇಲೆ ಅವನೇ ಅತನೂರಿನಿಂದ ಅವ್ವನನ್ನು ಕರೆಸಿದ. ಅವ್ವ ಬಂದವಳೇ ನನ್ನನ್ನು ಸೊಲ್ಲಾಪುರದ ಒಬ್ಬ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಅವರ ಕೈಗುಣ ಚಲೋ ಎಂದು ಆಕೆಗೆ ಯಾರೋ ಹೇಳಿದ್ದರು. ನನ್ನ ಗಾಡಿಯಲ್ಲೇ ಹೋದೆವು. ನಾನು ಆ ದಿನ ಪ್ಯಾಸೆಂಜರ್.

ಈಗ ಬರುವ ದೃಶ್ಯದಲ್ಲಿ ನಾನಿಲ್ಲ. ನನ್ನ ಹೆಸರು ಕೂಗುವುದಕ್ಕೂ ಹೊಟ್ಟೆ ಹಿಂಡುವುದಕ್ಕೂ ಸರಿಹೋಯಿತು, ನಾನು ಓಡಿದೆ. ಸರತಿ ತಪ್ಪೀತೆಂದು ಅವ್ವ ಒಬ್ಬಳೇ ಒಳಗೆ ಹೋದಳು. ಡಾಕ್ಟರು ಮರಾಠಿಯಲ್ಲಿ ಏನೋ ಕೇಳಿದರು, ಅವ್ವ ಏನೋ ಹೇಳಿದಳು. ನಾನು ಮುಖ ತೊಳೆದು ಬರುವಷ್ಟರಲ್ಲಿ ಅವರು ಬರೆದು ಮುಗಿಸಿದ್ದರು. ಹೊಟ್ಟೆ ಒತ್ತಿ ನೋಡಿ ತಲೆ ಆಡಿಸಿದರು. ಮುಂಜಾನೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಊಟದ ಮೇಲೆ ಗುಲಾಬಿ ಬಣ್ಣದ ಔಷಧಿ. ಹಿಂದೆ ಜನ ನಿಂತಿದ್ದರು, ನನಗೂ ಹೇಳಲು ನಾಚಿಕೆ. ಅವ್ವ ಎಲ್ಲ ಹೇಳಿರಬೇಕು ಬಿಡು ಎಂದುಕೊಂಡೆ.

"ಏನಂದ್ರು ಬೇ?" ಎಂದು ಅವ್ವನನ್ನು ಕೇಳಿದೆ.

"ಅಸಿಡಿಟಿ ಅಂತ," ಎಂದಳು, ಪರೀಕ್ಷೆ ಪಾಸಾದವಳಂತೆ.

ಆ ಗುಲಾಬಿ ಔಷಧಿಯ ಬಾಟಲಿಗಳು ನಮ್ಮ ಮನೆಯಲ್ಲಿ ಆಮೇಲೆ ಎಣ್ಣೆ ಹಾಕಿಡಲು, ಜೇನು ಹಾಕಿಡಲು ಬಂದವು. ಅಷ್ಟು ಕುಡಿದೆ. ರಕ್ತ ಅದರ ಪಾಡಿಗೆ ಅದು ಹೋಗುತ್ತಿತ್ತು. ಒಂದು ಮಧ್ಯಾಹ್ನ ಖಜೂರಿಯಲ್ಲಿ ಟಿಕೆಟ್ ಕೊಡುತ್ತ ಕೊಡುತ್ತ ಯಾರದೋ ಮಡಿಲಲ್ಲಿ ಬಿದ್ದೆ. ಯಾರ ಮಡಿಲು ಎಂಬುದರ ಬಗ್ಗೆಯೂ ಎರಡು ಅಭಿಪ್ರಾಯ ಇವೆ, ಬಿಡಿ. ಆ ಮೇಲೆ ಕಲಬುರಗಿ.

ಕಲಬುರಗಿಯ ಹೊಟ್ಟೆ ಡಾಕ್ಟರ್ ಒಬ್ಬ ಹೆಣ್ಣುಮಗಳು. ನಾನು ಬಾಯಿಬಿಟ್ಟು ರಕ್ತದ ಮಾತು ಹೇಳಿದ್ದು ಅಲ್ಲೇ ಮೊದಲು. ಅವ್ವ ಪಕ್ಕದಲ್ಲಿ ಕೂತು ನನ್ನ ತೊಡೆ ಚಿವುಟಿದಳು. ದುರ್ಬೀನು ಹಾಕಿ ಕರುಳು ನೋಡುವ ಹಿಂದಿನ ದಿನ ಕುಡಿಸುತ್ತಾರಲ್ಲ, ಆ ಉಪ್ಪು ನೀರಿನ ಬಗ್ಗೆ ಬರೆಯುವುದಿಲ್ಲ. ಕುಡಿದವರಿಗೆ ಗೊತ್ತು, ಕುಡಿಯದವರು ಸುಖವಾಗಿರಲಿ. ಮರುದಿನ ಡಾಕ್ಟರ್ ಪರದೆಯ ಮೇಲೆ ತೋರಿಸಿದರು. ದೊಡ್ಡ ಕರುಳಿನ ಒಳಪದರ ಕೆರೆದ ಮೊಣಕೈಯ ಹಾಗೆ ಕೆಂಪಗೆ, ಅಲ್ಲಲ್ಲಿ ಹುಣ್ಣು. ಅಲ್ಸರೇಟಿವ್ ಕೊಲೈಟಿಸ್ ಎಂದರು. ಬಂದ ಮೇಲೆ ಪೂರ್ತಿ ಹೋಗುವ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಡಬೇಕು ಎಂದರು.

"ಹಂಗಾರ ಅಸಿಡಿಟಿ?" ಎಂದಳು ಅವ್ವ, ನೆಂಟರು ಯಾಕೆ ಬರಲಿಲ್ಲ ಎಂದು ಕೇಳುವವಳಂತೆ.

"ಅದು ಮ್ಯಾಲಿನ ಮನೀದಮ್ಮಾ. ಹೊಟ್ಟಿ ಆಮ್ಲ ಇಷ್ಟು ಕೆಳಗ ಬಂದು ಈ ಹುಣ್ಣು ಮಾಡಂಗಿಲ್ಲ. ಇದು ಕರುಳಿನ ಪದರಿಗೇ ಬಂದ ಉರಿಯೂತ."

ಒಂದು ಹೊಸ ಗುಳಿಗೆ ಬರೆದರು. ದೊಡ್ಡ ದೊಡ್ಡ, ಇಟ್ಟಿಗೆ ಬಣ್ಣದ್ದು. ಇದರಿಂದ ತಗ್ಗದಿದ್ದರೆ ಸ್ಟೆರಾಯ್ಡ್, ಅದಕ್ಕೂ ಜಗ್ಗದಿದ್ದರೆ ಬೇರೆ ಔಷಧಿ. ಯಾವುದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳು ತೆಗೆದು ಹೊಟ್ಟೆಗೆ ಚೀಲ ಕೂಡಿಸುವ ಆಪರೇಷನ್ ಕೂಡ ಇದೆ, ಹೆದರಬಾರದು, ಗೊತ್ತಿರಲಿ ಎಂದು ಹೇಳುತ್ತಿದ್ದೇನೆ ಎಂದರು. ಹೆದರಬಾರದು ಎಂಬ ಮಾತನ್ನು ಹೆದರಿಸದೆ ಹೇಳುವವರನ್ನು ನಾನು ಇನ್ನೂ ಕಂಡಿಲ್ಲ. ವರ್ಷಗಟ್ಟಲೆ ಹೆಗಲಿನಿಂದ ಹೊಟ್ಟೆಯ ಮೇಲೆ ಇಳಿಬಿದ್ದ ಚೀಲ ಹೊತ್ತೇ ದುಡಿದವಳು ನಾನು. ಆ ಚೀಲ ಬಿಟ್ಟು ಈ ಚೀಲ ತಗೋ ಅಂದಂತಾಯಿತು. ಡಿಪೋದವರು ನನ್ನನ್ನು ಗಾಡಿಯಿಂದ ಇಳಿಸಿ ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. "ಅಫಜಲಪುರ ಗಾಡಿ ಎಷ್ಟೊತ್ತಿಗದ್ರಿ?" ಎಂದು ಕೇಳಿದವರಿಗೆ ಉತ್ತರ ಹೇಳುವುದು. ನನ್ನ ಗಾಡಿ ಕಿಟಕಿಯ ಎದುರೇ ಬಂದು ನಿಲ್ಲುತ್ತಿತ್ತು, ಬೇರೆ ಕಂಡಕ್ಟರು ಸೀಟಿ ಊದುತ್ತಿದ್ದ. ಶರಣಪ್ಪಣ್ಣ ಕನ್ನಡಿಯಿಂದ ಒಮ್ಮೆ ನೋಡಿ ಹೋಗುತ್ತಿದ್ದ. ವಾಸಿಯಾಗುವುದು ಅಂದರೆ ನನಗೆ ಇಷ್ಟೇ ಅರ್ಥ: ಆ ಗಾಡಿ ಹತ್ತುವುದು, ನಡುವೆ ಇಳಿದು ಓಡದೆ ಸೊಲ್ಲಾಪುರ ಮುಟ್ಟುವುದು.

ಇಟ್ಟಿಗೆ ಗುಳಿಗೆ ತಪ್ಪದೆ ನುಂಗಿದೆ. ಮೊದಲು ಸ್ವಲ್ಪ ತಗ್ಗಿದ ಹಾಗಾಯಿತು, ಆಮೇಲೆ ಮತ್ತೆ ಶುರು. ಎರಡನೆಯ ಸಲ ಕಲಬುರಗಿಗೆ ಹೋಗುವಾಗ ನನಗೆ ಗೊತ್ತಿತ್ತು, ಈ ಸಲ ಡಾಕ್ಟರ್ ಮುಂದಿನ ಮೆಟ್ಟಿಲಿನ ಮಾತು ಎತ್ತುತ್ತಾರೆ.

ಆ ಆಸ್ಪತ್ರೆಯ ಕಾಯುವ ಹಾಲಿನಲ್ಲಿ ಎಲ್ಲರಿಗೂ ಒಂದೇ ಬಾಗಿಲಿನ ಮೇಲೆ ಕಣ್ಣು. ಅದು ಡಾಕ್ಟರರ ಬಾಗಿಲಲ್ಲ. ಸಂಡಾಸಿನದು. ಅದರ ಹತ್ತಿರದ ಕುರ್ಚಿಗಾಗಿ ನಮ್ಮ ನಮ್ಮಲ್ಲೇ ಮೌನವಾದ ಪೈಪೋಟಿ. ಆ ದಿನ ಅಲ್ಲಿ ಜೇವರ್ಗಿಯ ಒಬ್ಬ ಹೆಂಗಸು ಕೂತಿದ್ದರು. ದಪ್ಪ ಕನ್ನಡಕ, ಕೈತುಂಬ ಹಸಿರು ಬಳೆ, ವಯಸ್ಸು ಅವ್ವನದೇ. ಎಲ್ಲರೂ ಅವರನ್ನು ಖಾಲಾ ಅನ್ನುತ್ತಿದ್ದರು. ನನ್ನ ಮುಖ ನೋಡಿ ತಟ್ಟನೆ ಎದ್ದು ಕುರ್ಚಿ ಬಿಟ್ಟುಕೊಟ್ಟರು.

"ಕೂಡು ಬೇಟಿ. ನಂಗ ಬೇಕಿಲ್ಲ."

"ಬ್ಯಾಡ್ರಿ ಖಾಲಾ, ನಿಮಗೂ ಬೇಕಾಗ್ತದ."

"ನಂದು ಕಿಸ್ಸಾ ಬ್ಯಾರೇನ ಅದ," ಎಂದು ಸೀರೆಯ ಮೇಲಿನಿಂದ ಹೊಟ್ಟೆಯ ಬಲಗಡೆ ಎರಡು ಸಲ ತಟ್ಟಿದರು. ಪ್ಲಾಸ್ಟಿಕ್ಕಿನ ಸಣ್ಣ ಸದ್ದು. "ಚೀಲ. ಮೊದಲ ಸಂಡಾಸು ನನ್ನ ಓಡಸ್ತಿತ್ತು. ಈಗ ನಾ ಹೇಳಿದ ಟೈಮಿಗೆ ಅದು. ಮೊಮ್ಮಗನ ಶಾದಿಯೊಳಗ ಬಿರ್ಯಾನಿ ಬಡಿಸೇನಿ, ತಿಳೀತೇನು?"

ಅವ್ವ ಬಾಯಿ ತೆರೆದು ಅವರ ಹೊಟ್ಟೆಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅಷ್ಟು ದಿನ ನನ್ನ ತಲೆಯಲ್ಲಿ ಚೀಲ ಎಂದರೆ ಒಂದು ಗೋಡೆ, ಅದರ ಆಚೆ ಏನೂ ಇಲ್ಲ. ಅಲ್ಲಿ ಬಿರ್ಯಾನಿ ಬಡಿಸುವವರು ಇದ್ದಾರೆ ಎಂದು ಗೊತ್ತಾಯಿತು. ನನ್ನ ಹೆದರಿಕೆ ಹೋಯಿತು ಅಂದರೆ ಸುಳ್ಳಾದೀತು. ಅದರ ಗಾತ್ರ ಕಡಿಮೆಯಾಯಿತು, ಅಷ್ಟೆ.

ಇನ್ನಷ್ಟು ಕೇಳಬೇಕೆಂದಿದ್ದೆ, ಹೊಟ್ಟೆ ಬಿಡಲಿಲ್ಲ. ಓಡಿದೆ. ಆ ಸಂಡಾಸಿನ ಬಾಗಿಲು ಕೆಳಗೆ ಒಂದು ಗೇಣು ತುಂಡು. ಮಾತುಗಳು ಒಳಗೆ ಬರುತ್ತಿದ್ದವು. ಆದ್ದರಿಂದ ಇದನ್ನು ಮಾತ್ರ ನಾನೇ ಕೇಳಿದೆ, ಬಾಗಿಲ ಈಚೆಯಿಂದ.

"ಪರೇಜ್ ಏನು ಮಾಡಿಸ್ತೀರಿ ಆಕಿಗೆ?" ಖಾಲಾ.

"ಖಾರ ಬಂದ್ ಮಾಡೇನ್ರಿ. ಹುಳಿ ಬಂದ್. ಆ ಗುಳಿಗಿ ನುಂಗುವಾಗ ದಿನಾ ಮಜ್ಜಿಗಿ ಕೊಡ್ತೇನಿ. ಮಜ್ಜಿಗಿ ಹುಳಿ ಇರ್ತದಲ್ರಿ, ಅದಕ್ಕ ಚಂದಂಗ ತಿನ್ನೂ ಸೋಡಾ ಕಲಸ್ತೇನಿ. ಆಕಿಗೆ ಹೇಳಿಲ್ಲ, ಹೇಳಿದ್ರ ಕುಡಿಯಂಗಿಲ್ಲ."

"ಸೋಡಾ? ಡಾಕ್ಟರ್ ಹೇಳ್ಯಾರೇನ್ರಿ?"

"ಡಾಕ್ಟರ್ ಯಾಕ ಹೇಳಬೇಕ್ರಿ? ಹುಳಿಗೆ ಸೋಡಾ ಅಂತ ಭಜಿ ಮಾಡಾಕಿಗೂ ಗೊತ್ತದ. ಈ ಡಾಕ್ಟರಬಾಯಿ ಅಸಿಡಿಟಿನ ಅಲ್ಲ ಅಂತಾಳ. ಸೊಲ್ಲಾಪುರದಾಂವ ನೋಡ್ರಿ, ನಮ್ಮ ಭಾಷೆದಾಗ ಚಂದಂಗ ಕೇಳಿದ, ಜಳಜಳ ಆಗ್ತದೇನು ಅಂತ. ಹೌದ್ರಿ, ಭಾಳ ಜಳಜಳ, ನೀರಾಗಿ ಹೋಗ್ತದ ಅಂದೆ. ಮ್ಯಾಲ ರಕ್ತ ಅಂತ ಏನೋ ಕೇಳಿದ. ಗಂಡಸಿನ ಮುಂದ ಅದನ್ನ ಹ್ಯಾಂಗ ಹೇಳಾದು? ಇಲ್ಲ ಅಂದೆ."

ನಾನು ಒಳಗೆ ಕೂತಲ್ಲೇ ನಗಬೇಕೋ ಬಾಗಿಲಿಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಗಡಿಯ ಗಾಡಿಯಲ್ಲಿ ದುಡಿದವಳಿಗೆ ಇದು ಅರ್ಥವಾಗಲು ಕ್ಷಣ ಸಾಕು. ಮರಾಠಿಯಲ್ಲಿ ಜಳಜಳ ಅಂದರೆ ಎದೆಯುರಿ, ಹೊಟ್ಟೆಯುರಿ. ಅವ್ವನ ಅತನೂರಿನ ಕನ್ನಡದಲ್ಲಿ ಜಳಜಳ ಅಂದರೆ ನೀರು ಹರಿದ ಹಾಗೆ ಹೋಗುವುದು. ಡಾಕ್ಟರು ಮೇಲಿನದನ್ನು ಕೇಳಿದರು, ಅವ್ವ ಕೆಳಗಿನದನ್ನು ಹೇಳಿದಳು. ಆಕೆ "ಭಾಳ ಜಳಜಳ" ಎಂದು ಒತ್ತಿ ಹೇಳಿದಷ್ಟೂ ಅವರು ಆಮ್ಲದ ಔಷಧಿಯನ್ನು ಒತ್ತಿ ಬರೆದರು. ನಡುವೆ ಇರಬೇಕಾದ ನಾನು, ಎರಡೂ ಭಾಷೆ ಬಲ್ಲ ನಾನು, ಆ ಹೊತ್ತಿನಲ್ಲಿ ಜಳಜಳಿಸುತ್ತ ಕೂತಿದ್ದೆ.

ಡಾಕ್ಟರರ ಕೋಣೆಗೆ ಹೋದ ಕೂಡಲೇ ಸೋಡಾದ ಮಾತು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ದಿನಾ? ಗುಳಿಗಿ ಜೋಡಿನೇ?"

ಅವ್ವ ಹೌದೆಂದು ತಲೆ ಆಡಿಸಿದಳು, ಇನ್ನೂ ಹೊಗಳಿಕೆ ಬಂದೀತೆಂದು.

ಆ ಗುಳಿಗೆಗೆ ಒಂದು ಕವಚ ಇರುತ್ತದಂತೆ. ಹುಳಿ ಇರುವಲ್ಲಿ ಅದು ಬಿಚ್ಚುವುದಿಲ್ಲ. ಹೊಟ್ಟೆ ದಾಟಿ, ಹುಳಿ ಕಡಿಮೆಯಾದ ಕರುಳಿನ ಕೊನೆಗೆ ಹೋಗಿ ಬಿಚ್ಚಬೇಕು, ಹುಣ್ಣು ಇರುವಲ್ಲಿ. ಮೇಲೆಯೇ ಸೋಡಾ ಸುರಿದು ಹುಳಿ ಕೊಂದರೆ ಕವಚ ಅಲ್ಲೇ ಮೋಸಹೋಗಬಹುದು. ಕಂಡಕ್ಟರಾದ ನನಗೆ ಇಷ್ಟು ಸಾಕಾಯಿತು. ಸೊಲ್ಲಾಪುರಕ್ಕೆ ಟಿಕೆಟ್ ತೆಗೆದ ಪ್ಯಾಸೆಂಜರು ಖಜೂರಿಯಲ್ಲೇ ಊರು ಬಂತೆಂದು ಇಳಿದುಬಿಟ್ಟಿದ್ದಾನೆ.

"ಹಂಗಾರ ಇದಕ್ಕೆಲ್ಲ ಸೋಡಾನೇ ಕಾರಣ ಏನ್ರಿ?" ಎಂದೆ. ಹೌದು ಎಂದರೆ ಎಷ್ಟು ಚೆನ್ನಾಗಿತ್ತು! ಒಬ್ಬ ಅಪರಾಧಿ ಸಿಗುತ್ತಿದ್ದ, ಕಥೆ ಮುಗಿಯುತ್ತಿತ್ತು.

"ಇರಬಹುದು. ಇಲ್ದೇನೂ ಇರಬಹುದು," ಎಂದರು ಡಾಕ್ಟರ್. "ಉರಿಯೂತ ಇದ್ದ ಕರುಳಿನಾಗೂ ಹುಳಿ ಲೆಕ್ಕ ತಪ್ಪಿರ್ತದ, ಅದಕ್ಕೂ ಕೆಲವರಿಗೆ ಈ ಗುಳಿಗಿ ಸರಿ ಬಿಚ್ಚಂಗಿಲ್ಲ. ಕೆಲವರಿಗೆ ಬಿಚ್ಚಿದ್ರೂ ಸಾಕಾಗಂಗಿಲ್ಲ. ಸೋಡಾ ಬಂದ್ ಮಾಡ್ರಿ. ಗುಳಿಗಿ ಜೋಡಿ ಕೆಳಗಿಂದ ಹಾಕೂ ಔಷಧಿನೂ ಕೊಡ್ತೇನಿ, ಸ್ವಲ್ಪ ದಿನ ಸ್ಟೆರಾಯ್ಡ್. ಆಮೇಲೆ ಮತ್ತ ದುರ್ಬೀನು. ಒಳಪದರು ಮಾಗಿದ್ರ ಛಲೋ. ಇಲ್ಲಂದ್ರ ಮುಂದಿನ ಮಾತು ಮಾತಾಡೋಣ."

ವಾಪಸು ಬರುವಾಗ ಬಸ್ಸಿನಲ್ಲಿ ಎರಡು ಜಳಜಳಗಳ ವ್ಯತ್ಯಾಸ ಬಿಡಿಸಿ ಹೇಳುತ್ತ ನಾನು ಅವ್ವನ ಮೇಲೆ ಹರಿಹಾಯ್ದೆ. ಏನೇನು ಅಂದೆ ಎಂಬುದು ನನ್ನ ನೆನಪಿನಲ್ಲಿ ಒಂದಿದೆ, ಅವ್ವನ ನೆನಪಿನಲ್ಲಿ ಅದರ ನಾಲ್ಕು ಪಟ್ಟು ಇದೆ. "ನನ್ನ ಹೊಟ್ಟಿ ಮಾತು ನೀ ಯಾಕ ಹೇಳ್ತಿ? ಹೊಟ್ಟಿ ನಂದೋ ನಿಂದೋ?" ಎಂದದ್ದಂತೂ ಹೌದು. ಅವ್ವ ಕಿಟಕಿಯ ಕಡೆ ತಿರುಗಿ, "ಆ ಹೊಟ್ಟಿ ಒಂದ್ ಕಾಲಕ್ಕ ನನ್ನ ಹೊಟ್ಟ್ಯಾಗ ಇತ್ತು," ಎಂದಳು. ಆಮೇಲೆ ತಾನೇ ಸೇರಿಸಿದಳು: "ಇನ್ನ ಮ್ಯಾಲ ನಾ ಬಾಯಿ ಬಿಡಂಗಿಲ್ಲ, ಹೋಗು."

ಸ್ಟೆರಾಯ್ಡಿನಿಂದ ಮುಖ ಪೂರಿಯಂತೆ ಉಬ್ಬಿತು. ಬಸ್‌ಸ್ಟ್ಯಾಂಡಿಗೆ ಬಂದವರು ಕಿಟಕಿಯಲ್ಲಿ ನೋಡಿ, "ಕಂಡಕ್ಟರ್ ಬಾಯಿ, ಮೈ ಹಿಡದೀರಿ, ಆರೋಗ್ಯ ಸುಧಾರಿಸೇದ" ಎಂದರು. ಅದೂ ಒಂದು ಸಂಕಟ. ಕೆಳಗಿನಿಂದ ಹಾಕುವ ಔಷಧಿ ಹಾಕಿಕೊಂಡು ಎಡಮಗ್ಗುಲಾಗಿ ಮಲಗಿದಾಗ ಗಂಡ ರೇಡಿಯೋದ ಧ್ವನಿ ದೊಡ್ಡದು ಮಾಡಿ ಅಂಗಳದಲ್ಲಿ ಕೂರುತ್ತಿದ್ದ. ಟೆನ್ಶನ್ ಎಂಬ ಮಾತನ್ನು ಬಿಟ್ಟಿದ್ದ. ಅವ್ವ ನೀರು ಕೊಟ್ಟಳು, ಮೆತ್ತಗಿನ ಅನ್ನ ಕೊಟ್ಟಳು, ಗುಳಿಗೆ ಎಣಿಸಿಟ್ಟಳು. ಸೋಡಾದ ಡಬ್ಬಿಯನ್ನು ನನ್ನ ಕಣ್ಣೆದುರೇ ಪಕ್ಕದ ಮನೆಗೆ ಕೊಟ್ಟಳು. ಆದರೆ ಕಾಯಿಲೆಯ ಬಗ್ಗೆ ಒಂದು ಮಾತೂ ಇಲ್ಲ. ಯಾರಾದರೂ "ಮಗಳಿಗೇನಾಗ್ಯಾದ್ರಿ?" ಎಂದರೆ ಗಲ್ಲ ಎತ್ತಿ ನನ್ನ ಕಡೆ ತೋರಿಸುತ್ತಿದ್ದಳು. ಅದು ನನಗೆ ಕೊಟ್ಟ ಗೌರವವೋ ಮಾಡಿಕೊಂಡ ಮುನಿಸೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಕೆಯನ್ನು ಕೇಳಿದರೆ ಎರಡೂ ಅಲ್ಲ ಅನ್ನುತ್ತಾಳೆ.

ಮಾಗುವುದು ಎಂಬುದನ್ನು ಯಾರೂ ಸರಿಯಾಗಿ ಬರೆಯಲಾರರು. ಕೆಡುವುದಕ್ಕೆ ಘಟನೆಗಳಿವೆ, ಮಾಗುವುದಕ್ಕೆ ಇಲ್ಲ. ಒಂದು ದಿನ ಕಿಟಕಿಯಲ್ಲಿ ಕೂತು ಜನರಿಗೆ ಉತ್ತರ ಕೊಡುತ್ತ ಕೊಡುತ್ತ, ಊಟದ ಹೊತ್ತಾಗಿದೆ, ನಾನಿನ್ನೂ ಎದ್ದಿಲ್ಲ ಎಂದು ತಿಳಿಯಿತು. ನಡುನಡುವೆ ಮತ್ತೆ ಕೆಟ್ಟ ದಿನಗಳು. ಅವನ್ನು ಎಲ್ಲಿ ಸೇರಿಸಬೇಕೋ ಗೊತ್ತಿಲ್ಲ, ಬಿಟ್ಟುಬಿಡಲೂ ಮನಸ್ಸಿಲ್ಲ.

ಮತ್ತೆ ಉಪ್ಪು ನೀರು, ಮತ್ತೆ ದುರ್ಬೀನು. ಫಲಿತಾಂಶ ಹೇಳುವ ದಿನ ಕಾಯುವ ಹಾಲಿನಲ್ಲಿ ಕೂತಾಗ ಹೊಟ್ಟೆ ಹಿಂಡಿತು. ಕಾಯಿಲೆಯೋ ಹೆದರಿಕೆಯೋ ತಿಳಿಯದು. ಎದ್ದು ಹೋದೆ. ಒಳಗೆ ಕೂತಾಗ ಆಯಾ ನನ್ನ ಹೆಸರು ಕೂಗಿದ್ದು ಕೇಳಿಸಿತು. ಅವ್ವನ ಬಳೆ ಸದ್ದಾಯಿತು. ಆಕೆ ಎದ್ದಳು, ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಈ ಸಲವೂ ನನ್ನ ಕರುಳಿನ ತೀರ್ಮಾನ ನಾನಿಲ್ಲದೆ ಆಗುತ್ತದೆ. ಕೈ ತೊಳೆದೆನೋ ಇಲ್ಲವೋ, ಓಡಿದೆ.

ಬಾಗಿಲು ತೆರೆದರೆ ಡಾಕ್ಟರ್ ಸುಮ್ಮನೆ ಕೂತಿದ್ದಾರೆ. ಎದುರಿಗೆ ಅವ್ವ, ಸೆರಗು ಹೊದ್ದು, ತುಟಿ ಬಿಗಿದು, ಚಲನ್ ಬರೆಸಿಕೊಳ್ಳಲು ಬಂದವಳಂತೆ.

"ಬರ್ರಿ ಬರ್ರಿ," ಎಂದರು ಡಾಕ್ಟರ್. "ಹ್ಯಾಂಗಿದ್ದಾಳ ಮಗಳು ಅಂತ ಮೂರು ಸಲ ಕೇಳಿದೆ. ನಿಮ್ಮವ್ವ ಒಂದೇ ಮಾತು ಹೇಳ್ಯಾರ. 'ತಡೀರಿ, ಆಕಿನ ಬಂದು ಹೇಳ್ತಾಳ.'"

ನಾನು ಕೂತೆ. ಆಮೇಲೆ ಹೇಳಿದೆ, ಮೊದಲ ಸಲ ಕೊನೆಯ ತನಕ, ಸೆರಗು ಮುಚ್ಚದೆ. ರಕ್ತ ನಿಂತಿದೆ. ಲೋಳೆ ಒಮ್ಮೊಮ್ಮೆ ಕಾಣುತ್ತದೆ. ಮುಂಜಾನೆ ಎರಡು ಸಲ ಹೋಗಬೇಕಾಗುತ್ತದೆ, ಹೊತ್ತು ಕೊಡುತ್ತದೆ, ಓಡಿಸುವುದಿಲ್ಲ. ಈಗ ಹೋಗಿ ಬಂದದ್ದು ಬಹುಶಃ ನೀವೇನು ಹೇಳುತ್ತೀರೋ ಎಂಬ ಹೆದರಿಕೆಗೆ.

ಡಾಕ್ಟರ್ ಪರದೆ ನನ್ನ ಕಡೆ ತಿರುಗಿಸಿದರು. ಕೆರೆದ ಮೊಣಕೈಯ ಮೇಲೆ ಹೊಸ ಚರ್ಮ ಬರುತ್ತದಲ್ಲ, ತೆಳುವಾಗಿ, ನಸುಗೆಂಪಾಗಿ, ಹಾಗೆ ಕಂಡಿತು. ಒಂದು ಕಡೆ ಇನ್ನೂ ಕೆಂಪಿತ್ತು.

"ಮಾಗ್ಯಾದ. ಪೂರಾ ಅಲ್ಲ. ಆಪರೇಷನ್ ಮಾತು ಸದ್ಯಕ್ಕ ಬ್ಯಾಡ. ಔಷಧಿ ಬಿಡಬ್ಯಾಡ್ರಿ. ಗಾಡಿ ಹತ್ರಿ, ಡಿಪೋಕ್ಕ ಬರದು ಕೊಡ್ತೇನಿ."

ಗಾಡಿ ಹತ್ತಲು ಬರೆದುಕೊಡುತ್ತೇನೆ ಎಂಬುದನ್ನು ನಾನೇ ಕಿವಿಯಾರೆ ಕೇಳಿದೆ. ಯಾರೂ ಆಮೇಲೆ ಹೇಳಿದ್ದಲ್ಲ.

ಎದ್ದು ಬಾಗಿಲ ತನಕ ಬಂದಿದ್ದೆವು. ಅಷ್ಟು ದಿನ ಕಟ್ಟಿದ್ದ ಬಾಯಿ ಅವ್ವನಿಗೆ ತಡೆಯಲಿಲ್ಲ. ತಿರುಗಿ ನಿಂತು ಡಾಕ್ಟರಿಗೆ ಹೇಳಿದಳು:

"ಜಳಜಳ ಇಲ್ರಿ ಆಕಿಗೆ ಈಗ. ಕನ್ನಡದ್ದೂ ಇಲ್ಲ, ಮರಾಠಿದೂ ಇಲ್ಲ."

"ಮರಾಠಿದು ಒಂದೀಟು ಅದ್ರಿ," ಎಂದೆ ನಾನು, ಎದೆ ಮುಟ್ಟಿ ತೋರಿಸುತ್ತ.